ಗಿರಣಿಯ ಕೋಣೆಯಿಂದ ಬಾಸ್ಟನ್‌ವರೆಗೆ: ಒಂದು ಕರಾಟೆ ಸಮುದ್ರ ದಾಟಿದ ಕಥೆ

ಕಳೆದ ಭಾನುವಾರ ನಮ್ಮೂರಿನ ಶಾಲೆಯ ಸಭಾಂಗಣದಲ್ಲಿ ನಾನು ಮಾತಾಡಿದ್ದನ್ನು ಬರೆದು ಹಾಕಿ ಅಂತ ಬಂದವರಲ್ಲಿ ಕೆಲವರು ಕೇಳಿದರು. ಬರಲಾಗದವರೂ ಕೇಳಿದರು. ಅಂದು ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ಎದುರಿಗೆ ಕೂತಿದ್ದವರಲ್ಲಿ ಅರ್ಧದಷ್ಟು ಜನ ಬಿಳಿ ಡ್ರೆಸ್ ಹಾಕಿಕೊಂಡು ಬಂದಿದ್ದ ಮಕ್ಕಳು, ಉಳಿದವರು ಅವರ ಅಪ್ಪ ಅಮ್ಮಂದಿರು. ಹಾಗಾಗಿ ಮಕ್ಕಳಿಗೆ ಹೇಳುವ ಹಾಗೇ ಹೇಳಿದ್ದೇನೆ.

ಶುರುವಿಗೆ ಒಂದು ಪ್ರಶ್ನೆ ಕೇಳಿದೆ. ನೀವು ದಿನಾ ಸಂಜೆ ಮೈದಾನದಲ್ಲಿ ನಿಂತು ಇಚಿ, ನಿ, ಸಾನ್, ಶಿ ಅಂತ ಎಣಿಸುತ್ತೀರಲ್ಲ, ಈ ಎಣಿಕೆ ನಿಮ್ಮ ಬಾಯಿಗೆ ಹೇಗೆ ಬಂತು? ಒಬ್ಬ ಹುಡುಗ ತಕ್ಷಣ ಹೇಳಿದ, "ಮಾಸ್ಟರ್ ಹೇಳಿಕೊಟ್ರು." ಮಾಸ್ಟರಿಗೆ ಯಾರು ಹೇಳಿಕೊಟ್ಟರು? "ಅವರ ಮಾಸ್ಟರ್." ಅವರಿಗೆ? ಅಲ್ಲಿಗೆ ಎಲ್ಲರೂ ಸುಮ್ಮನಾದರು. ನಾನೂ ನನ್ನ ಹನ್ನೆರಡನೇ ವಯಸ್ಸಿನಲ್ಲಿ ಅಲ್ಲೇ ಸುಮ್ಮನಾಗಿದ್ದೆ. ನನಗೆ ಕಲಿಸಿದವರು ಹಗಲೆಲ್ಲ ಲೇತ್ ಮೆಷಿನ್ ಮುಂದೆ ನಿಂತು, ಸಂಜೆ ಕೈತೊಳೆದು ಮೈದಾನಕ್ಕೆ ಬರುತ್ತಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸ್ ಇನ್ನೂ ಇರುತ್ತಿತ್ತು. ಜಪಾನು ಎಲ್ಲಿದೆ ಅಂತ ಅವರು ನಮಗೆ ಹೇಳಲಿಲ್ಲ, ಸರಿಯಾಗಿ ನಿಲ್ಲುವುದು ಹೇಗೆ ಅಂತ ಹೇಳಿದರು. ಆ ಮನುಷ್ಯನ ಕೈಗೆ ಈ ವಿದ್ಯೆ ಎಷ್ಟು ಕೈ ದಾಟಿ ಬಂದಿರಬಹುದು ಅಂತ ಹುಡುಕಲು ಹೋಗಿಯೇ ನನಗೆ ಓಕಿನಾವಾದ ಹುಚ್ಚು ಹಿಡಿದದ್ದು.

ಕರಾಟೆ ಅಂದರೆ ಜಪಾನು ಅಂತ ನಾವೆಲ್ಲ ಹೇಳುತ್ತೇವೆ. ಅದು ಹುಟ್ಟಿದ್ದು ಜಪಾನಿನ ದಕ್ಷಿಣದ ತುದಿಯಲ್ಲಿ, ಸಮುದ್ರದ ಮಧ್ಯೆ ಇರುವ ಓಕಿನಾವಾ ದ್ವೀಪದಲ್ಲಿ. ಅದು ಮೊದಲು ಜಪಾನಿನ ಭಾಗವೇ ಆಗಿರಲಿಲ್ಲ. ರ್ಯೂಕ್ಯೂ ಅಂತ ಬೇರೆ ರಾಜ್ಯ, ಬೇರೆ ರಾಜ, ಬೇರೆ ಭಾಷೆ. 1879ರಲ್ಲಿ ಜಪಾನು ಅದನ್ನು ಪೂರ್ತಿ ನುಂಗಿಕೊಂಡು ಒಂದು ಪ್ರಾಂತ್ಯ ಮಾಡಿತು. ಅದಕ್ಕೂ ಮೊದಲು ನೂರಾರು ವರ್ಷ ರ್ಯೂಕ್ಯೂವಿನ ಹಡಗುಗಳು ಕಪ್ಪಕಾಣಿಕೆ ಹೊತ್ತು ಚೀನಾದ ಫುಝೌ ಬಂದರಿಗೆ ಹೋಗುತ್ತಿದ್ದವು. ಅಲ್ಲಿ ರ್ಯೂಕ್ಯೂ ಜನರಿಗೆಂದೇ ಒಂದು ವಸತಿಗೃಹವಿತ್ತು. ಸಾಮಾನಿನ ಜೊತೆ ಚೀನಾದ ಕೈವರಸೆಯೂ ಆ ದಾರಿಯಲ್ಲೇ ಬಂತು, ದ್ವೀಪದಲ್ಲಿ ಮೊದಲೇ ಇದ್ದ ವರಸೆಯ ಜೊತೆ ಬೆರೆಯಿತು. ಕರಾಟೆ ಅನ್ನುವ ಪದವನ್ನು ಮೊದಲು ಬರೆಯುತ್ತಿದ್ದದ್ದೇ "ಚೀನಾದ ಕೈ" ಅನ್ನುವ ಅರ್ಥದ ಅಕ್ಷರಗಳಲ್ಲಿ. 1936ರ ಅಕ್ಟೋಬರ್ 25ರಂದು ನಾಹಾ ಪಟ್ಟಣದಲ್ಲಿ ಹಿರಿಯ ಗುರುಗಳೆಲ್ಲ ಒಟ್ಟಿಗೆ ಕೂತು, "ಬರಿಗೈ" ಅನ್ನುವ ಅರ್ಥದ ಅಕ್ಷರ ಬಳಸೋಣ ಅಂತ ಒಪ್ಪಿದರು. ಉಚ್ಚಾರ ಅದೇ, ಅಕ್ಷರ ಬೇರೆ. ಕೇಳಲು ಚೆನ್ನಾಗಿದೆ, ಬರಿಗೈ. ಆದರೆ ಆ ಒಂದು ಅಕ್ಷರದ ಜೊತೆ ಫುಝೌವಿನ ಋಣವೂ ಕಣ್ಮರೆಯಾಯಿತು ಅಂತ ನನಗೆ ಬೇಸರವಿದೆ.

ಕರಾಟೆಯಲ್ಲಿ ಹಲವು ಶೈಲಿಗಳಿವೆ. ಎಲ್ಲದರ ಕಥೆ ಹೇಳುತ್ತಾ ಕೂತರೆ ರಾತ್ರಿಯಾಗುತ್ತದೆ. ನಾನು ಒಂದನ್ನೇ ಹಿಡಿಯುತ್ತೇನೆ, ಉಯೆಚಿ-ರ್ಯೂ. ನಾನು ಕಲಿತದ್ದು ಈ ಶೈಲಿಯಲ್ಲ, ಶೋಟೊಕಾನ್. ಆದರೂ ಇದನ್ನೇ ಹೇಳಬೇಕು ಅನಿಸಿತು. ಯಾಕೆಂದರೆ ಇಲ್ಲಿ ಗುರುವಿಗೆ ಕಲಿಸಲು ಇಷ್ಟವೇ ಇರಲಿಲ್ಲ. ಶಿಷ್ಯ ಬಿಡಲಿಲ್ಲ, ಅಷ್ಟೇ.

ಉಯೆಚಿ ಕಾನ್ಬುನ್ ಹುಟ್ಟಿದ್ದು 1877ರಲ್ಲಿ, ಓಕಿನಾವಾದ ಉತ್ತರ ಭಾಗದ ಮೊತೊಬು ಕಡೆಯ ಒಂದು ಬೆಟ್ಟದ ಹಳ್ಳಿಯಲ್ಲಿ. ರೈತರ ಮನೆ. 1897ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಆತ ದೋಣಿ ಹತ್ತಿ ಫುಝೌಗೆ ಹೋದ. ಮರುವರ್ಷವೇ ಓಕಿನಾವಾದ ಹುಡುಗರಿಗೂ ಜಪಾನಿ ಸೈನ್ಯದಲ್ಲಿ ಕಡ್ಡಾಯ ಸೇವೆ ಬಂತು. ಅದನ್ನು ತಪ್ಪಿಸಿಕೊಳ್ಳಲಿಕ್ಕೇ ಹೋದ ಅಂತ ಹೇಳುತ್ತಾರೆ. ವಿದ್ಯೆಯ ಆಸೆಯೂ ಇತ್ತು. ಎರಡೂ ಇದ್ದಿರಬಹುದು, ಊರು ಬಿಡುವವರಿಗೆ ಯಾವಾಗಲೂ ಒಂದೇ ಕಾರಣ ಇರುವುದಿಲ್ಲ, ಅಲ್ವಾ? ಅಲ್ಲಿ ಗಿಡಮೂಲಿಕೆ ಔಷಧಿ ಮಾರಿಕೊಂಡು ಜೀವನ ಮಾಡಿದ. ಝೌ ಝಿಹೆ ಎಂಬ ಗುರುವಿನ ಹತ್ತಿರ ಸೇರಿದ. ಓಕಿನಾವಾದವರು ಆ ಹೆಸರನ್ನು ಶೂಶಿವಾ ಅಂತ ಹೇಳುತ್ತಾರೆ. ಹುಲಿ, ಕೊಕ್ಕರೆ, ಡ್ರ್ಯಾಗನ್ ಈ ಮೂರರ ಚಲನೆ ಬೆರೆತ ವರಸೆ ಅವರದ್ದು. ಅದನ್ನು ಪಾನ್‌ಗಾಯ್‌ನೂನ್ ಅನ್ನುತ್ತಿದ್ದರು, ಅಂದರೆ ಅರ್ಧ ಗಟ್ಟಿ ಅರ್ಧ ಮೃದು.

ಕಾನ್ಬುನ್ ಅಲ್ಲಿ ಕಲಿತು, ಆಮೇಲೆ ಸ್ವತಃ ಕಲಿಸತೊಡಗಿದ. ಚೀನಾದಲ್ಲಿ ಒಬ್ಬ ಓಕಿನಾವಾದವನು ಶಾಲೆ ತೆಗೆದು ಚೀನಿಯರಿಗೇ ಕಲಿಸುವುದು ಸಣ್ಣ ಮಾತಲ್ಲ. ಆಮೇಲೆ ಒಂದು ಕೆಟ್ಟ ಘಟನೆ ಆಯಿತು. ಇದು ಅವರ ಶಿಷ್ಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿರುವುದು. ಮಳೆ ಬಾರದ ವರ್ಷ, ಹೊಲಕ್ಕೆ ನೀರು ಬಿಡುವ ವಿಷಯಕ್ಕೆ ಜಗಳ, ಕಾನ್ಬುನ್‌ನ ಶಿಷ್ಯನೊಬ್ಬ ಪಕ್ಕದವನನ್ನು ಹೊಡೆದ, ಆ ಮನುಷ್ಯ ಸತ್ತ. ಇದನ್ನು ಹೇಳಿದಾಗ ಸಭಾಂಗಣದಲ್ಲಿ ಹಿಂದಿನ ಸಾಲಿನ ಹಿರಿಯರು ತಲೆ ಆಡಿಸಿದರು. ನೀರಿನ ಸರದಿಗೆ ಆಗುವ ಹೊಡೆದಾಟವನ್ನು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಿನವರು ಗುರುವನ್ನೇ ದೂರಿದರು. ಕಾನ್ಬುನ್ ಶಾಲೆ ಮುಚ್ಚಿ 1910ರಲ್ಲಿ ಓಕಿನಾವಾಗೆ ವಾಪಸ್ಸು ಬಂದ. ಇನ್ನು ಮೇಲೆ ಯಾರಿಗೂ ಕಲಿಸುವುದಿಲ್ಲ ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಹದಿಮೂರು ವರ್ಷ ಫುಝೌನಲ್ಲಿದ್ದು ಗಳಿಸಿದ ವಿದ್ಯೆ. ಮದುವೆಯಾದ, ಮಕ್ಕಳಾದವು, ಹೊಲದಲ್ಲಿ ದುಡಿದ. ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಫುಝೌ ಕಡೆಯ ಗೋ ಕೆಂಕಿ ಎಂಬ ಚಹಾ ವ್ಯಾಪಾರಿ ನಾಹಾದಲ್ಲಿ ಬಂದು ನೆಲೆಸಿದ. ಅವನೂ ಕೊಕ್ಕರೆ ವರಸೆ ಬಲ್ಲವನು. ನಿಮ್ಮ ದ್ವೀಪದಲ್ಲೇ ಇಂಥವರೊಬ್ಬರು ಇದ್ದಾರಲ್ಲ ಅಂತ ಅವನಿಂದಲೇ ಸುದ್ದಿ ಹೊರಗೆ ಬಿತ್ತಂತೆ. ಜನ ಹುಡುಕಿಕೊಂಡು ಹಳ್ಳಿಗೆ ಹೋದರು. ಕಾನ್ಬುನ್ ಇಲ್ಲ ಅಂದ.

ಆಮೇಲೆ ಬಂದದ್ದು ಹಸಿವು. ಮೊದಲ ಮಹಾಯುದ್ಧ ಮುಗಿದ ಮೇಲೆ ಸಕ್ಕರೆ ಬೆಲೆ ಕುಸಿಯಿತು. ಓಕಿನಾವಾ ಕಬ್ಬನ್ನೇ ನಂಬಿಕೊಂಡಿದ್ದ ದ್ವೀಪ. 1920ರ ದಶಕವನ್ನು ಅಲ್ಲಿನವರು "ಸೊತೆತ್ಸು ನರಕ" ಅಂತ ಕರೆಯುತ್ತಾರೆ. ಸೊತೆತ್ಸು ಅಂದರೆ ನೋಡಲು ಪುಟ್ಟ ತಾಳೆಯಂತಿರುವ ಒಂದು ಗಿಡ. ಅದರ ಕಾಯಿಯಲ್ಲೂ ದಿಂಡಿನಲ್ಲೂ ವಿಷ ಇರುತ್ತದೆ. ಚೆನ್ನಾಗಿ ನೆನೆಸಿ, ತೊಳೆದು, ಒಣಗಿಸಿದರೆ ಮಾತ್ರ ತಿನ್ನಬಹುದು. ಅದನ್ನು ತಿಂದು ಜನ ಬದುಕಿದರು, ಸರಿಯಾಗಿ ತೊಳೆಯದೆ ತಿಂದವರು ಸತ್ತರು. ಊರು ಬಿಟ್ಟವರ ಸಾಲು ಶುರುವಾಯಿತು. ಹವಾಯಿಗೆ ಹೋಗುವುದು 1900ರಲ್ಲೇ ಆರಂಭವಾಗಿತ್ತು. ಈಗ ಬ್ರೆಜಿಲ್, ಪೆರು, ಜೊತೆಗೆ ಜಪಾನಿನ ದೊಡ್ಡ ನಡುಗಡ್ಡೆಯ ಹತ್ತಿ ಗಿರಣಿಗಳು. ಕಾನ್ಬುನ್ ಕೂಡ 1924ರಲ್ಲಿ, ನಲವತ್ತೇಳನೇ ವಯಸ್ಸಿನಲ್ಲಿ, ಒಸಾಕಾದ ದಕ್ಷಿಣಕ್ಕಿರುವ ವಾಕಾಯಾಮಾ ಎಂಬ ಊರಿಗೆ ಗಿರಣಿ ಕೂಲಿಗೆ ಹೋದ.

ಆ ಕಾಲದಲ್ಲಿ ಆ ಕಡೆ ಓಕಿನಾವಾದವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಕೊರಿಯನ್ನರಿಗೂ ರ್ಯೂಕ್ಯೂ ಜನರಿಗೂ ಮನೆ ಇಲ್ಲ ಅಂತ ಬೋರ್ಡ್ ಹಾಕುತ್ತಿದ್ದರು. ಹಾಗಾಗಿ ಊರಿನವರು ಊರಿನವರ ಜೊತೆಗೇ ಇರುತ್ತಿದ್ದರು. ಕಾನ್ಬುನ್ ಇದ್ದ ವಸತಿಯಲ್ಲೇ ಓಕಿನಾವಾದ ಇನ್ನೊಬ್ಬ ಯುವಕ ಇದ್ದ. ಹೆಸರು ತೊಮೊಯೋಸೆ ರ್ಯೂಯೂ. ನನ್ನ ಕಣ್ಣಿಗೆ ಈ ಇಡೀ ಕಥೆಯ ನಾಯಕ ಇವನೇ.

ರ್ಯೂಯೂಗೆ ಸುದ್ದಿ ಗೊತ್ತಿತ್ತು. ನೇರವಾಗಿ ಕೇಳಿದರೆ ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ಆತ ಕೆಲಸ ಮುಗಿಸಿ ಬಂದು ಹಿರಿಯರ ಪಕ್ಕ ಕೂತು ಹರಟೆ ಹೊಡೆಯುತ್ತಿದ್ದ. ನಡುವೆ ಒಂದು ಪ್ರಶ್ನೆ. ಯಾರಾದರೂ ಹೀಗೆ ಕತ್ತಿನ ಪಟ್ಟಿ ಹಿಡಿದರೆ ಏನು ಮಾಡಬೇಕು? ಹೀಗೆ ಒದೆಯಲು ಬಂದರೆ? ಮನುಷ್ಯನ ಕೈ ಸುಮ್ನೆ ಇರುವುದಿಲ್ಲ. ಕಾನ್ಬುನ್ ಕೂತಲ್ಲೇ ತೋರಿಸಿಬಿಡುತ್ತಿದ್ದ, ಹೀಗೆ ಅಂತ. ರ್ಯೂಯೂ ನೋಡಿಕೊಂಡು ಹೋಗುತ್ತಿದ್ದ, ಮತ್ತೊಂದು ದಿನ ಮತ್ತೊಂದು ಪ್ರಶ್ನೆ ತರುತ್ತಿದ್ದ, ಹೀಗೇ ತಿಂಗಳುಗಟ್ಟಲೆ ನಡೆದು ಆ ತುಂಡುಗಳನ್ನೆಲ್ಲ ಜೋಡಿಸಿಕೊಂಡ ಮೇಲೆ ಒಂದು ದಿನ ಬಾಯಿ ಬಿಟ್ಟು ಕೇಳಿದ. ಇಷ್ಟು ಹೇಳಿಕೊಟ್ಟಿದ್ದೀರಿ, ಇನ್ನು ಸರಿಯಾಗಿ ಹೇಳಿಕೊಡಿ. ಹದಿನೈದು ವರ್ಷಕ್ಕೂ ಜಾಸ್ತಿ ಮುಚ್ಚಿದ್ದ ಬಾಗಿಲು ಹಾಗೆ ತೆರೆಯಿತು. ಗಿರಣಿ ಕೆಲಸಗಾರರ ವಸತಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಬೆರಳೆಣಿಕೆಯ ಜನರಿಗೆ ಪಾಠ. ಮಗ ಕಾನ್ಎಯ್ ಹದಿಹರೆಯದಲ್ಲಿ ಓಕಿನಾವಾದಿಂದ ಬಂದು ಸೇರಿಕೊಂಡ. 1932ರಲ್ಲಿ ಹೊರಗಿನವರಿಗೂ ಕಲಿಸಲು ಒಪ್ಪಿದರು. 1940ರಲ್ಲಿ ಶಿಷ್ಯರೆಲ್ಲ ಸೇರಿ ಗುರುವಿನ ಮನೆತನದ ಹೆಸರಿಟ್ಟು ಉಯೆಚಿ-ರ್ಯೂ ಅಂದರು.

ಇದೇ ಹೊತ್ತಿನಲ್ಲಿ ಇನ್ನೊಂದು ದಾರಿಯಲ್ಲೂ ಕರಾಟೆ ಓಕಿನಾವಾ ದಾಟಿತ್ತು. ಫುನಾಕೋಶಿ ಗಿಚಿನ್ ಎಂಬ ಶಾಲಾ ಮೇಷ್ಟ್ರು 1922ರಲ್ಲಿ ಟೋಕಿಯೋಗೆ ಹೋಗಿ ಪ್ರದರ್ಶನ ಕೊಟ್ಟು ಅಲ್ಲೇ ಉಳಿದರು. ವಿಶ್ವವಿದ್ಯಾಲಯದ ಹುಡುಗರು ಅವರ ಶಿಷ್ಯರಾದರು. ನಾನು ಕಲಿತ ಶೋಟೊಕಾನ್ ಆ ದಾರಿಯದ್ದು. ಗೋಜು-ರ್ಯೂ ಶೈಲಿಯ ಮಿಯಾಗಿ ಚೋಜುನ್ ಅವರನ್ನು ಹವಾಯಿಯಲ್ಲಿದ್ದ ಓಕಿನಾವಾದ ವಲಸಿಗರ ಪತ್ರಿಕೆಯ ಸಂಪಾದಕರೊಬ್ಬರು 1934ರಲ್ಲಿ ಕರೆಸಿಕೊಂಡರು. ಟೋಕಿಯೋದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಗಿರಣಿಯ ಕಥೆಯನ್ನು ಹೇಳುವವರು ಕಡಿಮೆ.

ಇಲ್ಲಿ ಮಾತು ನಿಲ್ಲಿಸಿ ಸಾನ್‌ಚಿನ್ ಮಾಡಿ ತೋರಿಸಿದೆ. ಬರಹದಲ್ಲಿ ಅದು ಕಷ್ಟ, ಪ್ರಯತ್ನ ಮಾಡುತ್ತೇನೆ. ಕಾತಾ ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ವರಸೆಗಳ ಸರಣಿ. ಕಾನ್ಬುನ್ ಚೀನಾದಿಂದ ತಂದದ್ದು ಮೂರೇ ಕಾತಾ. ಸಾನ್‌ಚಿನ್, ಸೇಸಾನ್, ಸಾನ್‌ಸೇರ್ಯೂ. ಮೊದಲನೆಯದು ಸಾನ್‌ಚಿನ್, ಮೂರು ಕದನ ಅನ್ನುವ ಅರ್ಥ. ಕಾಲುಗಳ ನಡುವೆ ಭುಜದಷ್ಟು ಅಗಲ. ಬಲಗಾಲು ನೆಲ ಸವರಿಕೊಂಡು ಅರ್ಧಚಂದ್ರದಂತೆ ಒಳಗೆ ಬಂದು ಮುಂದೆ ಹೋಗಿ ನಿಲ್ಲುತ್ತದೆ. ಮುಂಗಾಲಿನ ಬೆರಳು ಸ್ವಲ್ಪ ಒಳಮುಖ. ಮಂಡಿ ತುಸು ಬಗ್ಗಿರಬೇಕು. ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿಯಷ್ಟು ದೂರ, ಹೊರಗೆ ಜಾರಬಾರದು. ಗೋಜು-ರ್ಯೂನವರು ಮುಷ್ಟಿ ಕಟ್ಟುತ್ತಾರೆ, ಉಸಿರನ್ನು ಸದ್ದು ಮಾಡಿ ಬಿಡುತ್ತಾರೆ. ಉಯೆಚಿಯವರ ಕೈ ತೆರೆದೇ ಇರುತ್ತದೆ, ಬೆರಳ ತುದಿ ಎದುರಾಳಿಯ ಕಡೆಗೆ, ಹೆಬ್ಬೆರಳು ಮಡಚಿ. ಒಂದು ಕೈ ಹಿಂದೆ ಬಂದು ಭರ್ಜಿಯ ಹಾಗೆ ಮುಂದೆ ಹೋಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅಷ್ಟೇ. ನೋಡುವವರಿಗೆ ಏನೂ ಇಲ್ಲ. ಮಾಡುವವರ ತೊಡೆ ಎರಡೇ ನಿಮಿಷದಲ್ಲಿ ನಡುಗುತ್ತದೆ.

ಶಿಷ್ಯ ಹಾಗೆ ನಿಂತಿರುವಾಗ ಗುರು ಅವನ ಸುತ್ತ ನಡೆಯುತ್ತಾರೆ. ಹೆಗಲ ಮೇಲೆ ಎರಡೂ ಅಂಗೈಯಿಂದ ಫಟ್ಟನೆ ಹೊಡೆಯುತ್ತಾರೆ. ಬೆನ್ನಿನ ಪಕ್ಕ ತಟ್ಟುತ್ತಾರೆ, ತೊಡೆಗೆ ಒದೆಯುತ್ತಾರೆ. ಸಿಟ್ಟಿಲ್ಲ ಅದರಲ್ಲಿ. ಕುಂಬಾರನ ಹತ್ತಿರ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ. ಎಲ್ಲಿ ಸಡಿಲ ಇದೆ, ಎಲ್ಲಿ ಬೇಡದ ಬಿಗಿ ಇದೆ ಅಂತ ಕೈಗೆ ಗೊತ್ತಾಗುತ್ತದೆ. ಇದನ್ನು ಪುಸ್ತಕದಿಂದ ಕಲಿಯಲು ಆಗುವುದಿಲ್ಲ, ವಿಡಿಯೋದಿಂದಲೂ ಆಗುವುದಿಲ್ಲ. ನಿಮ್ಮ ಹೆಗಲಿಗೆ ಹೊಡೆಯುವ ಕೈ, ಒಂದು ಕಾಲದಲ್ಲಿ ಹಾಗೇ ಹೊಡೆಸಿಕೊಂಡ ಹೆಗಲಿನವರದ್ದೇ ಆಗಿರಬೇಕು. ಈ ವಿದ್ಯೆ ಮನುಷ್ಯರ ಮೂಲಕವೇ ಊರೂರು ಸುತ್ತಿತು ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಯುದ್ಧದ ಮಾತಿಗೆ ಬರಲೇಬೇಕು. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಓಕಿನಾವಾದಲ್ಲಿ ನಡೆದ ಕಾಳಗದಲ್ಲಿ ಎಲ್ಲ ಕಡೆಯವರೂ ಸೇರಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಜನ ಊರಿನ ಸಾಮಾನ್ಯರು. ಕರಾಟೆ ಗುರುಗಳೂ ಸತ್ತರು, ಶಿಷ್ಯರೂ ಸತ್ತರು. ಮಿಯಾಗಿಯವರ ನಂತರ ಇವರೇ ಅಂತ ಎಲ್ಲರೂ ನಂಬಿದ್ದ ಶಿನ್‌ಜಾತೊ ಜಿನ್‌ಆನ್ ಆ ಯುದ್ಧದಲ್ಲೇ ಹೋದರು. ದ್ವೀಪ ಅಮೆರಿಕದ ಕೈಗೆ ಬಂತು, 1972ರ ಮೇ 15ರವರೆಗೂ ಅವರ ಆಡಳಿತದಲ್ಲೇ ಇತ್ತು. ವಯಸ್ಸಾದ ಕಾನ್ಬುನ್ ಯುದ್ಧ ಮುಗಿದ ಮೇಲೆ ಊರಿಗೆ ಮರಳಿ, ಇಎ ಎಂಬ ಪುಟ್ಟ ದ್ವೀಪದಲ್ಲಿ 1948ರಲ್ಲಿ ತೀರಿಕೊಂಡರು. ಮಗ ಕಾನ್ಎಯ್ ಯುದ್ಧದ ನಡುವೆಯೇ ಓಕಿನಾವಾಗೆ ವಾಪಸ್ಸಾಗಿದ್ದ. ಆತ ಮತ್ತೆ ಕಲಿಸಲು ಶುರು ಮಾಡಿ, 1957ರಲ್ಲಿ ಫುತೆನ್ಮಾ ಎಂಬಲ್ಲಿ ಡೋಜೋ, ಅಂದರೆ ಕರಾಟೆ ಕಲಿಸುವ ಶಾಲೆ, ಕಟ್ಟಿದ. ಫುತೆನ್ಮಾ ಅಂದರೆ ಅಮೆರಿಕದ ದೊಡ್ಡ ವಿಮಾನ ನೆಲೆ ಇರುವ ಜಾಗ.

ಈಗ ಯೋಚಿಸಿ. ಹತ್ತು ಹನ್ನೆರಡು ವರ್ಷದ ಹಿಂದೆ ಮನೆ ಸುಟ್ಟ ಸೈನ್ಯದ ಹುಡುಗರು ಬಾಗಿಲ ಮುಂದೆ ಬಂದು, ನಮಗೂ ಕಲಿಸಿ ಅಂತ ಕೇಳುತ್ತಿದ್ದಾರೆ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಓಕಿನಾವಾದ ಗುರುಗಳಲ್ಲಿ ಹಲವರು ಕಲಿಸಿದರು. ಬಡತನವೂ ಒಂದು ಕಾರಣ, ಡಾಲರ್ ಸಂಬಳದ ಹುಡುಗರು ಫೀಸು ಕೊಡುತ್ತಿದ್ದರು. ಫೀಸಿಗಷ್ಟೇ ಕಲಿಸಿದರು ಅಂದರೆ ನಾನು ಒಪ್ಪುವುದಿಲ್ಲ. ಬೆವರು ಸುರಿಸಿ ನಿಂತವನನ್ನು ಕಂಡರೆ ಕಲಿಸುವವರ ಮನಸ್ಸು ಕರಗುತ್ತದೆ, ಅದು ನನಗೆ ಮೈದಾನದಲ್ಲಿ ದಿನಾ ಆಗುವ ಅನುಭವ.

1956ರಲ್ಲಿ ಜಾರ್ಜ್ ಮ್ಯಾಟ್ಸನ್ ಎಂಬ ಅಮೆರಿಕದ ಯುವ ಸೈನಿಕ ಓಕಿನಾವಾಗೆ ಬಂದ. ಉಯೆಚಿ-ರ್ಯೂ ಕಲಿಯಲು ಸೇರಿದ. ಅವನಿಗೆ ಕಲಿಸಿದವರ ಹೆಸರು ತೊಮೊಯೋಸೆ ರ್ಯೂಕೊ. ಹೌದು, ಗಿರಣಿಯ ವಸತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ಬಾಗಿಲು ತೆಗೆಸಿದ ರ್ಯೂಯೂ ಅವರ ಮಗ. ಅಪ್ಪ ಬಾಗಿಲು ತೆಗೆಸಿದ, ಮಗ ಆ ಬಾಗಿಲನ್ನು ಹೊರದೇಶದವನಿಗೂ ತೆರೆದ. 1958ರಲ್ಲಿ ಮ್ಯಾಟ್ಸನ್ ಸೈನ್ಯದಿಂದ ಬಿಡುಗಡೆಯಾಗಿ ಬಾಸ್ಟನ್‌ಗೆ ಹೋಗಿ ಕಲಿಸತೊಡಗಿದ. ಆಮೇಲೆ ಪುಸ್ತಕವನ್ನೂ ಬರೆದ. ಫುಝೌವಿನ ಸಾನ್‌ಚಿನ್ ಓಕಿನಾವಾದ ಹಳ್ಳಿ, ವಾಕಾಯಾಮಾದ ಗಿರಣಿ, ಮತ್ತೆ ಓಕಿನಾವಾ ದಾಟಿ, ಅಮೆರಿಕದ ಪೂರ್ವ ಕರಾವಳಿಗೆ ಬಂತು. ಯಾವ ಸರ್ಕಾರವೂ ಕಳಿಸಲಿಲ್ಲ. ಒಂದೊಂದು ಮೆಟ್ಟಿಲಲ್ಲೂ ಇದ್ದದ್ದು ಒಬ್ಬರು ಅಥವಾ ಇಬ್ಬರು.

ಬೇರೆ ಶೈಲಿಗಳಲ್ಲೂ ಹೀಗೇ ಆಯಿತು. ಶಿಮಾಬುಕು ತಾತ್ಸುವೊ 1956ರಲ್ಲಿ ಇಶ್ಶಿನ್-ರ್ಯೂ ಅಂತ ಹೊಸ ಶೈಲಿ ಕಟ್ಟಿದರು. ಅವರ ಹತ್ತಿರ ಅಮೆರಿಕದ ಮರೀನ್ ಸೈನಿಕರು ಗುಂಪು ಗುಂಪಾಗಿ ಕಲಿತು ಹೋದರು. ಇವತ್ತು ಆ ಶೈಲಿ ಓಕಿನಾವಾಗಿಂತ ಅಮೆರಿಕದಲ್ಲೇ ಜಾಸ್ತಿ.

ಇದರಲ್ಲಿ ತೊಂದರೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಸೈನಿಕರ ಪೋಸ್ಟಿಂಗ್ ಅಂದರೆ ಹೆಚ್ಚೆಂದರೆ ಒಂದೆರಡು ವರ್ಷ. ಕಾನ್ಬುನ್ ಫುಝೌನಲ್ಲಿ ಕಳೆದದ್ದು ಹದಿಮೂರು ವರ್ಷ. ಒಂದೂವರೆ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡು ಊರಿಗೆ ಹೋದವನು ಅಲ್ಲಿ ದೊಡ್ಡ ಗುರು ಆಗಿಬಿಡುತ್ತಿದ್ದ, ತಿದ್ದುವವರು ಯಾರೂ ಇಲ್ಲ. ಕಾತಾದ ಆಕಾರ ಅಲ್ಲಿಗೆ ತಲುಪಿತು, ಒಳಗಿನ ಅರ್ಥ ಅರ್ಧವೇ ತಲುಪಿತು. ನಮ್ಮ ಕಡೆಯೂ ಮೂರು ತಿಂಗಳಿಗೊಂದು ಬಣ್ಣದ ಬೆಲ್ಟ್ ಕೊಡುವ ಕ್ಲಾಸುಗಳಿವೆ, ನನಗೆ ಅದು ನೋವು ಕೊಡುತ್ತದೆ. ಆದರೆ ಆ ಸೈನಿಕರಲ್ಲಿ ಒಳ್ಳೆಯವರು ಏನು ಮಾಡಿದರು ಅಂದರೆ, ತಮಗೆ ಗೊತ್ತಿರುವುದು ಕಡಿಮೆ ಅಂತ ಅರಿವಾದ ಮೇಲೆ ಮತ್ತೆ ಓಕಿನಾವಾಗೆ ಹೋದರು. ಸ್ವಂತ ದುಡ್ಡಿನಲ್ಲಿ. ತಮ್ಮ ಶಿಷ್ಯರನ್ನೂ ಕರೆದುಕೊಂಡು ಹೋದರು. ಗುರುಗಳನ್ನು ತಮ್ಮ ದೇಶಕ್ಕೆ ಕರೆಸಿಕೊಂಡರು. ಕಲಿಕೆ ಉಳಿದುಕೊಂಡದ್ದು ಈ ಹೋಗಿ ಬರುವಿಕೆಯಿಂದ.

ಕಾನ್ಎಯ್ ಮತ್ತು ಅವರ ಹಿರಿಯ ಶಿಷ್ಯರು ಮೂರು ಕಾತಾಗಳ ನಡುವೆ ಇನ್ನೂ ಐದನ್ನು ಸೇರಿಸಿ ಎಂಟು ಮಾಡಿದರು. ಮೂರೇ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹಾರುವುದು ಹೊಸಬರಿಗೆ ಕಷ್ಟ. ಹೊಸ ಐದರಲ್ಲಿ ಮೊದಲು ಕಲಿಸುವುದಕ್ಕೆ ಕಾನ್‌ಶಿವಾ ಅಂತ ಹೆಸರು. ಕಾನ್ಬುನ್‌ನ "ಕಾನ್", ಶೂಶಿವಾದ "ಶಿವಾ". ಓಕಿನಾವಾದ ಶಿಷ್ಯ ಮತ್ತು ಚೀನಾದ ಗುರು ಒಂದೇ ಹೆಸರಿನಲ್ಲಿ. ಬಾಸ್ಟನ್‌ನಲ್ಲಿ ಏಳು ವರ್ಷದ ಮಗು ಕಾತಾ ಶುರು ಮಾಡುವ ಮೊದಲು ಗಟ್ಟಿಯಾಗಿ "ಕಾನ್‌ಶಿವಾ" ಅಂತ ಕೂಗುತ್ತದೆ. ಅದಕ್ಕೆ ಗೊತ್ತಿರಲಿ ಬಿಡಲಿ, ಆ ಇಬ್ಬರನ್ನೂ ಕೂಗುತ್ತಿದೆ. "ಚೀನಾದ ಕೈ" ಅನ್ನುವ ಅಕ್ಷರ ಹೋದದ್ದಕ್ಕೆ ಬೇಸರ ಅಂದೆನಲ್ಲ, ಈ ಹೆಸರು ನೆನೆದಾಗ ಅದು ಸ್ವಲ್ಪ ಕಡಿಮೆಯಾಗುತ್ತದೆ.

1991ರಲ್ಲಿ ಕಾನ್ಎಯ್ ತೀರಿಕೊಂಡರು. ಆ ಹೊತ್ತಿಗೆ ಶಿಷ್ಯರು ಬೇರೆ ಬೇರೆ ಸಂಘಗಳಾದರು, ಕೆಲವರು ಶೈಲಿಗೆ ಶೋಹೆಯ್-ರ್ಯೂ ಅಂತ ಬೇರೆ ಹೆಸರನ್ನೇ ಇಟ್ಟುಕೊಂಡರು. ನಮ್ಮಲ್ಲೂ ಒಂದು ಊರಿಗೆ ನಾಲ್ಕು ಕರಾಟೆ ಅಸೋಸಿಯೇಷನ್ ಇವೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಾವ ಸಂಘದ ಡೋಜೋಗೆ ಹೋದರೂ ಮೊದಲ ದಿನ ನಿಲ್ಲಿಸುವುದು ಸಾನ್‌ಚಿನ್‌ನಲ್ಲೇ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ತಾಯಿ ಕೇಳಿದರು, "ಒಲಿಂಪಿಕ್ಸ್‌ನಲ್ಲಿ ಇದೆಯಂತಲ್ಲ, ಸರ್?" ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇತ್ತು. 2021ರ ಆಗಸ್ಟ್ 6ರಂದು ಓಕಿನಾವಾದವನೇ ಆದ ಕಿಯುನಾ ರ್ಯೋ ಪುರುಷರ ಕಾತಾದಲ್ಲಿ ಚಿನ್ನ ಗೆದ್ದ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಓಕಿನಾವಾದವನು ಅವನು. ತೀರಿಹೋದ ಅಮ್ಮನ ಫೋಟೋ ಕೈಯಲ್ಲಿ ಹಿಡಿದುಕೊಂಡು ಪದಕದ ಕಟ್ಟೆ ಹತ್ತಿದ. ಅದನ್ನು ಟಿವಿಯಲ್ಲಿ ನೋಡಿ ನಾನು ಅತ್ತೆ. ಮುಂದಿನ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕರಾಟೆ ಇರಲಿಲ್ಲ.

ಇನ್ನೊಬ್ಬರು ಕೇಳಿದರು, ಕೈಗೆ ಕೈ ಬಡಿಸಿ ಗಟ್ಟಿ ಮಾಡುತ್ತಾರಂತೆ, ಹೌದಾ? ಹೌದು, ಕೋತೆಕಿತಾಯ್ ಅಂತ ಅದರ ಹೆಸರು. ಇಬ್ಬರು ಎದುರುಬದುರು ನಿಂತು ಮುಂಗೈ ಮುಂಗೈ ತಾಗಿಸುತ್ತಾರೆ, ಒಳಬದಿ, ಹೊರಬದಿ, ಲಯ ಬಿಡದೆ. ನನ್ನ ಶಿಷ್ಯನೊಬ್ಬನನ್ನು ಕರೆದು ಮೆಲ್ಲಗೆ ತೋರಿಸಿದೆ. ಹತ್ತು ಸಲಕ್ಕೆ ಇಬ್ಬರ ಕೈಯೂ ಕೆಂಪಾಯಿತು. ಮಕ್ಕಳು ಮನೆಯಲ್ಲಿ ಮಾಡಬೇಡಿ, ಎಲುಬು ಎಳೆಯದು, ಅಂತ ಎರಡು ಸಲ ಹೇಳಿದೆ.

ಎಲ್ಲರೂ ಹೊರಟರು. ಕುರ್ಚಿ ಮಡಚುತ್ತಿದ್ದೆವು. ಸುಮಾರು ಹತ್ತು ವರ್ಷದ ಒಂದು ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು, ಅಮ್ಮ ಹೊರಗಿನಿಂದ ಕರೆಯುತ್ತಿದ್ದರೂ ಹೋಗಿರಲಿಲ್ಲ. ಹತ್ತಿರ ಬಂದು ತನ್ನ ಎಡಗೈಯನ್ನು ತಾನೇ ಹಿಡಿದುಕೊಂಡು ತೋರಿಸಿದಳು.

"ಸರ್, ಯಾರಾದ್ರೂ ಹೀಗೆ ಹಿಡ್ಕೊಂಡ್ರೆ ಏನ್ ಮಾಡ್ಬೇಕು?"

ಕುರ್ಚಿ ಗೋಡೆಗೆ ಒರಗಿಸಿ, ನಾನು ಕೈ ಮುಂದೆ ಚಾಚಿದೆ. "ಹಿಡಿ ನೋಡೋಣ."